ಕಟ್ಟಿಸಿಕೊಂಡ ಎದೆಯ ಜಮಾ-ಖರ್ಚು

ನೌಕರಿಯ ಬಹುಪಾಲು ನಾನು ಕಳೆದದ್ದು ವಿಮಾ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲಿ. ಬೇರೆಯವರ ಡಿಸ್ಚಾರ್ಜ್ ಕಾರ್ಡು, ಔಷಧದ ಬಿಲ್ಲು, ಲ್ಯಾಬಿನ ರಿಪೋರ್ಟು ಓದಿ, ಯಾವುದಕ್ಕೆ ಹಣ ಬರುತ್ತದೆ ಯಾವುದಕ್ಕೆ ಬರುವುದಿಲ್ಲ ಎಂದು ಬದಿಯಲ್ಲಿ ಗುರುತು ಹಾಕುವ ಕೆಲಸ. ಹಾಗಾಗಿ ಎಡ ಎದೆಯಲ್ಲಿ ಕ್ಯಾನ್ಸರ್ ಇದೆ ಎಂದು ಬಯಾಪ್ಸಿ ಹೇಳಿದ ದಿನ ಅಳುವಷ್ಟು ಅತ್ತೆ, ರಾತ್ರಿ ಕಪಾಟಿನಿಂದ ಪಾಲಿಸಿಯ ಫೈಲು ತೆಗೆದೆ. ಯಜಮಾನರು "ಈಗ್ಯಾಕ ಅದು?" ಎಂದರು. ಈಗ ಅಲ್ಲದಿದ್ದರೆ ಇನ್ಯಾವಾಗ?

ನಾವು ಧಾರವಾಡದ ಮಾಳಮಡ್ಡಿ ಕಡೆಯವರು. ಯಜಮಾನರು ನಾಗಪುರದ ಖಾಸಗಿ ಕಾಲೇಜೊಂದರಲ್ಲಿ ಗಣಿತ ಕಲಿಸಲು ಬಂದವರು ಧರಮಪೇಠದಲ್ಲೇ ಬೇರು ಬಿಟ್ಟರು. ಗೋಕುಲಪೇಠ ಮಾರ್ಕೆಟ್ಟಿಗೆ ಚೀಲ ಹಿಡಿದು ನಡೆದೇ ಹೋಗುವಷ್ಟು ಹತ್ತಿರದ ಹಳೇ ಕಟ್ಟಡ ನಮ್ಮದು. ಮನೆಯೊಳಗೆ ಧಾರವಾಡದ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಆಸ್ಪತ್ರೆಯ ಕೌಂಟರಿನಲ್ಲಿ ಹಿಂದಿ. ಕಾಯಿಲೆಗೆ ಮೂರೂ ಬೇಕಾದವು.

ಸ್ತನ ಕ್ಯಾನ್ಸರ್ ಈಗ ಅಪರೂಪದ ಮಾತೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಹೊಸದಾಗಿ ಪತ್ತೆಯಾದ ಸ್ತನ ಕ್ಯಾನ್ಸರ್ ಸುಮಾರು 1.92 ಲಕ್ಷ. ಕಾಯಿಲೆಯ ಬಗ್ಗೆ ಬರಹಗಳು ಬರುತ್ತಿವೆ. ಕನ್ನಡದಲ್ಲೇ ಭಾರತಿ ಬಿ.ವಿ. ಅವರ 'ಸಾಸಿವೆ ತಂದವಳು' ಇದೆ. ಅಕ್ಟೋಬರಿನಲ್ಲಿ ಗುಲಾಬಿ ರಿಬ್ಬನ್ನಿನ ನಡಿಗೆಯೂ ಆಗುತ್ತದೆ. ಆದರೆ ಸ್ತನ ತೆಗೆದ ಮೇಲೆ ಏನು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಜೋರಾಗಿ ಕೇಳುವುದಿಲ್ಲ. ಮತ್ತೆ ಕಟ್ಟಿಸಿಕೊಳ್ಳಬಹುದೇ, ಬೇಕೇ, ಎಷ್ಟು ಖರ್ಚು, ಆ ಖರ್ಚು ಯಾರು ಕೊಡುತ್ತಾರೆ? ಈ ಲೇಖನ ಅಷ್ಟಕ್ಕೇ.

ಮೊದಲು ಒಂದು ಮಾತು. ಕ್ಯಾನ್ಸರ್ ಎಂದ ಕೂಡಲೇ ಪೂರ್ತಿ ಸ್ತನ ತೆಗೆಯಲೇಬೇಕೆಂದಿಲ್ಲ. ಇಟಲಿಯ ಮಿಲಾನಿನಲ್ಲಿ ಉಂಬೆರ್ತೊ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಎಂಬ ಸರ್ಜನ್ನರು 1970ರ ದಶಕದಲ್ಲಿ ಬೇರೆ ಬೇರೆಯಾಗಿ ಪರೀಕ್ಷೆ ಶುರುಮಾಡಿದರು. ಕೆಲವರಿಗೆ ಪೂರ್ತಿ ಸ್ತನ ತೆಗೆದರು, ಕೆಲವರಿಗೆ ಗೆಡ್ಡೆ ಮತ್ತು ಅದರ ಸುತ್ತಿನ ಭಾಗ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರು. ಇಪ್ಪತ್ತು ವರ್ಷದ ಫಲಿತಾಂಶ 2002ರಲ್ಲಿ ಪ್ರಕಟವಾದಾಗ ಎರಡೂ ಗುಂಪಿನವರು ಬದುಕುಳಿದ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಗೆಡ್ಡೆ ಚಿಕ್ಕದಿದ್ದು, ಒಂದೇ ಕಡೆ ಇದ್ದರೆ ಸ್ತನ ಉಳಿಸುವ ಆಪರೇಷನ್ ಸಾಧ್ಯವೇ ಎಂದು ಕೇಳಲೇಬೇಕು. "ಪೂರಾ ತಗಸಿಬಿಟ್ರ ನೆಮ್ಮದಿ" ಎಂಬ ಹೆದರಿಕೆಗೆ ಸ್ತನ ಕೊಡುವವರು ನಮ್ಮಲ್ಲಿ ಬಹಳ.

ನನಗೆ ಆ ಆಯ್ಕೆ ಇರಲಿಲ್ಲ. ಒಂದೇ ಸ್ತನದಲ್ಲಿ ಎರಡು ಕಡೆ, ದೂರದೂರ ಗೆಡ್ಡೆ. ಕಂಕುಳಿನ ಗ್ರಂಥಿಗೂ ತಗುಲಿತ್ತು. ಕೀಮೋ, ಮಾಸ್ಟೆಕ್ಟಮಿ ಅಂದರೆ ಪೂರ್ತಿ ಸ್ತನ ತೆಗೆಯುವುದು, ಆಮೇಲೆ ರೇಡಿಯೇಷನ್, ಹೀಗೆ ಸಾಲು ಹಚ್ಚಿ ಹೇಳಿದರು ಸರ್ಜನ್ನರು. ಹೇಳಿದ್ದು ಯಜಮಾನರ ಮುಖ ನೋಡಿಕೊಂಡು. ನಾನು ಮಧ್ಯೆ ಬಾಯಿ ಹಾಕಿ, ಆಪರೇಷನ್ನಿಗೆ ಮುಂಚೆ ಒಬ್ಬ ಪ್ಲಾಸ್ಟಿಕ್ ಸರ್ಜನ್ನರನ್ನು ಕಾಣಬಹುದೇ ಎಂದೆ. ಅವರು ಪೆನ್ನು ಕೆಳಗಿಟ್ಟರು. "ಮೊದಲು ಜೀವ ಉಳಿಯಲಿ ಮೇಡಂ." ಜೀವ ಉಳಿಸಲಿಕ್ಕೇ ಬಂದವಳು ನಾನು, ಬೇಡ ಎಂದವರಾರು? ಉಳಿದ ಜೀವ ಮುಂದೆ ಇಪ್ಪತ್ತು-ಮೂವತ್ತು ವರ್ಷ ಯಾವ ಮೈಯಲ್ಲಿ ಇರಬೇಕು ಎಂಬುದೂ ಅದೇ ಚೀಟಿಯ ಎರಡನೇ ಸಾಲಲ್ಲವೇ. ಕೊನೆಗೆ ಹೆಸರು ಬರೆದು ಕೊಟ್ಟರು.

ಈ ಭೇಟಿ ಮೊದಲೇ ಆಗಬೇಕಾದದ್ದಕ್ಕೆ ಕಾರಣವಿದೆ. ಪುನರ್ನಿರ್ಮಾಣ ಎರಡು ಹೊತ್ತಿನಲ್ಲಿ ಆಗಬಹುದು. ಸ್ತನ ತೆಗೆದ ಅದೇ ಮೇಜಿನ ಮೇಲೆ, ಅದೇ ಅನಸ್ತೇಷಿಯಾದಲ್ಲಿ ಒಂದು. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಇನ್ನೊಂದು. ಕೂಡಲೇ ಮಾಡುವುದಿದ್ದರೆ ಒಳಗಿನದನ್ನು ತೆಗೆದು ಮೇಲಿನ ಚರ್ಮವನ್ನು, ಸಾಧ್ಯವಿದ್ದರೆ ಮೊಲೆತೊಟ್ಟನ್ನೂ ಉಳಿಸಿಕೊಳ್ಳಬಹುದು. ಆಮೇಲೆ ಕೇಳಿದರೆ ಆ ಚರ್ಮ ಹೋಗಿರುತ್ತದೆ. ಇನ್ನೊಂದು ಕಡೆ, ರೇಡಿಯೇಷನ್ ಆಗುವುದಿದ್ದರೆ ಲೆಕ್ಕವೇ ಬದಲಾಗುತ್ತದೆ. ಕಿರಣ ಬಿದ್ದ ಚರ್ಮ ಬಿಗಿಯುತ್ತದೆ, ಗಾಯ ನಿಧಾನಕ್ಕೆ ಮಾಯುತ್ತದೆ, ಒಳಗೆ ಸಿಲಿಕೋನ್ ಇಟ್ಟಿದ್ದರೆ ಅದರ ಸುತ್ತ ದೇಹ ಕಟ್ಟುವ ಪೊರೆ ಗಟ್ಟಿಯಾಗಿ ಹಿಂಡುವ ಸಂಭವ ಹೆಚ್ಚು. ಅದಕ್ಕೆ ನನ್ನಂಥವರಿಗೆ ರೇಡಿಯೇಷನ್ ಮುಗಿದು ಕನಿಷ್ಠ ಆರು ತಿಂಗಳಾದರೂ ಕಾಯಿರಿ ಎನ್ನುತ್ತಾರೆ. ಇದನ್ನೆಲ್ಲ ಸರ್ಜನ್, ರೇಡಿಯೇಷನ್ ಡಾಕ್ಟರು, ಪ್ಲಾಸ್ಟಿಕ್ ಸರ್ಜನ್ ಮೂವರೂ ಒಂದೆಡೆ ಕೂತು ಮೊದಲೇ ತೀರ್ಮಾನಿಸುವಂಥದ್ದು.

ಪ್ಲಾಸ್ಟಿಕ್ ಸರ್ಜನ್ ಹೆಂಗಸು, ನನ್ನ ಮಗಳ ವಯಸ್ಸು. ಓಪಿಡಿ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು.

ಒಂದು ದಾರಿ ಇಂಪ್ಲಾಂಟ್. ಸಿಲಿಕೋನ್ ಜೆಲ್ ತುಂಬಿದ ಚೀಲವನ್ನು ಎದೆಯ ಸ್ನಾಯುವಿನ ಕೆಳಗೋ ಮೇಲೋ ಕೂರಿಸುವುದು. ಚರ್ಮ ಸಾಲದಿದ್ದರೆ ಮೊದಲು ಎಕ್ಸ್‌ಪ್ಯಾಂಡರ್ ಎಂಬ ಖಾಲಿ ಚೀಲ ಇಟ್ಟು, ವಾರ ಬಿಟ್ಟು ವಾರ ಸೂಜಿಯಿಂದ ಸಲೈನ್ ತುಂಬಿ ಚರ್ಮ ಹಿಗ್ಗಿಸಿ, ಎರಡನೇ ಆಪರೇಷನ್ನಿನಲ್ಲಿ ಇಂಪ್ಲಾಂಟ್ ಇಡುತ್ತಾರೆ. ಆಪರೇಷನ್ ಚಿಕ್ಕದು, ಮೈಯ ಬೇರೆ ಕಡೆ ಕತ್ತರಿ ಇಲ್ಲ, ಬೇಗ ಮನೆಗೆ ಬರಬಹುದು. ಆದರೆ ಇಂಪ್ಲಾಂಟ್ ಆಜೀವ ವಸ್ತುವಲ್ಲ. ಹರಿಯಬಹುದು, ಬಿಗಿಯಬಹುದು, ಕೆಲವು ವರ್ಷಗಳ ಮೇಲೆ ಬದಲಿಸಬೇಕಾಗಬಹುದು. ಸಿಲಿಕೋನಿನದಾದರೆ ಒಳಗೊಳಗೇ ಹರಿದಿದೆಯೇ ಎಂದು ನೋಡಲು ಐದಾರು ವರ್ಷ ಆದ ಮೇಲೆ ಮೊದಲ ಸಲ, ಆಮೇಲೆ ಎರಡು-ಮೂರು ವರ್ಷಕ್ಕೊಮ್ಮೆ ಎಂಆರ್‌ಐ ಅಥವಾ ಅಲ್ಟ್ರಾಸೌಂಡ್ ಮಾಡಿಸಿರಿ ಎಂದು ಅಮೆರಿಕದ ಎಫ್‌ಡಿಎ ಹೇಳುತ್ತದೆ. ಮೊದಲ ಸಿಲಿಕೋನ್ ಇಂಪ್ಲಾಂಟ್ ಹೂಸ್ಟನ್‌ನಲ್ಲಿ 1962ರಲ್ಲಿ ಕೂತಾಗಿನಿಂದ ಈ ವಸ್ತುವಿನ ಕಥೆ ಏಳುಬೀಳಿನದೇ. ಮೇಲ್ಮೈ ತರಿತರಿಯಾಗಿದ್ದ ಒಂದು ಬಗೆಯ ಇಂಪ್ಲಾಂಟಿಗೂ ಅಪರೂಪದ ಒಂದು ಲಿಂಫೋಮಾಕ್ಕೂ ನಂಟು ಕಂಡು, 2019ರ ಜುಲೈಯಲ್ಲಿ ಅಲರ್ಗನ್ ಕಂಪನಿ ತನ್ನ 'ಬಯೋಸೆಲ್' ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ವಾಪಸು ತೆಗೆದುಕೊಂಡಿತು. ಅದಕ್ಕೇ ಇಂಪ್ಲಾಂಟ್ ಹಾಕಿಸಿಕೊಂಡವರು ಅದರ ಹೆಸರು, ನಂಬರು ಇರುವ ಕಾರ್ಡನ್ನು ಮನೆಪತ್ರದ ಜೊತೆ ಜೋಪಾನವಾಗಿಡಬೇಕು.

ಇನ್ನೊಂದು ದಾರಿ ನಮ್ಮದೇ ಮೈಯ ಮಾಂಸ-ಕೊಬ್ಬಿನಿಂದ ಕಟ್ಟುವುದು. ಇದಕ್ಕೆ ಫ್ಲ್ಯಾಪ್ ಎನ್ನುತ್ತಾರೆ. ಬೆನ್ನಿನ ಅಗಲ ಸ್ನಾಯುವನ್ನು ಅದರ ರಕ್ತನಾಳ ಕಡಿಯದೆ ಕಂಕುಳಿನ ಕೆಳಗಿನಿಂದ ಮುಂದಕ್ಕೆ ತಿರುಗಿಸಿ ತರುವುದು ಹಳೆಯ ಪದ್ಧತಿ. ಇಟಲಿಯ ಇಜಿನಿಯೊ ತನ್ಸೀನಿ ಎಂಬ ಸರ್ಜನ್ 20ನೇ ಶತಮಾನದ ಶುರುವಿನಲ್ಲೇ ಸ್ತನ ತೆಗೆದ ಗಾಯ ಮುಚ್ಚಲು ಇದನ್ನು ಬಳಸಿದ್ದ. ಆಮೇಲೆ ಎಲ್ಲರೂ ಮರೆತು, ದಶಕಗಳ ನಂತರ ಮತ್ತೆ ನೆನಪು ಮಾಡಿಕೊಂಡರು. 1982ರಲ್ಲಿ ಅಮೆರಿಕದ ಹಾರ್ಟ್ರಾಂಫ್ ಹೊಟ್ಟೆಯ ಕೆಳಭಾಗದ ಚರ್ಮ-ಕೊಬ್ಬನ್ನು ಹೊಟ್ಟೆಯ ಸ್ನಾಯುವಿನ ಸಮೇತ ಮೇಲೆ ತಂದ ವಿಧಾನ ಬರೆದರು. ಸ್ನಾಯು ಹೋದರೆ ಹೊಟ್ಟೆ ಸಡಿಲಾಗಿ ಹರ್ನಿಯಾ ಆಗುವ ಭಯ. 1990ರ ದಶಕದಿಂದ ಸ್ನಾಯುವನ್ನು ಅಲ್ಲೇ ಬಿಟ್ಟು ಚರ್ಮ, ಕೊಬ್ಬು, ಅದಕ್ಕೆ ರಕ್ತ ತರುವ ಸಣ್ಣ ನಾಳ ಇಷ್ಟನ್ನೇ ಬಿಡಿಸಿ ತೆಗೆಯುವ 'ಡೀಪ್' ಫ್ಲ್ಯಾಪ್ ಬಂತು. ಹೊಟ್ಟೆಯಿಂದ ಪೂರಾ ಬೇರೆ ಮಾಡಿದ ಆ ತುಣುಕನ್ನು ಎದೆಗೆ ತಂದು, ಪಕ್ಕೆಲುಬಿನ ಹತ್ತಿರದ ರಕ್ತನಾಳಕ್ಕೆ ಮೈಕ್ರೋಸ್ಕೋಪಿನಡಿ ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುತ್ತಾರೆ. ಆರೆಂಟು ತಾಸಿನ ಆಪರೇಷನ್. ನಾಳ ಕಟ್ಟಿಕೊಂಡರೆ ತುಣುಕು ಸತ್ತುಹೋಗುತ್ತದೆ. ಪಳಗಿದ ಕೈಯಲ್ಲಿ ಅದು ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಬೀಡಿ-ಸಿಗರೇಟು-ತಂಬಾಕಿನವರಿಗೆ ಅಪಾಯ ಜಾಸ್ತಿ. ವಿದರ್ಭದಲ್ಲಿ ತಂಬಾಕು ಬೆರೆಸಿದ ಖರ್ರಾ ತಿನ್ನುವ ಹೆಂಗಸರು ಕಡಿಮೆಯಿಲ್ಲವಾದ್ದರಿಂದ ಆ ಪ್ರಶ್ನೆಯನ್ನು ನನ್ನನ್ನೂ ಕೇಳಿದರು.

ಆಕೆ ನನ್ನ ಹೊಟ್ಟೆಯನ್ನು ಹೆಬ್ಬೆರಳು-ತೋರುಬೆರಳಿನ ನಡುವೆ ಹಿಡಿದು ಅಳೆದು "ನಿಮ್ಮದು ಧಾರಾಳ ಸಾಕು" ಎಂದಾಗ ಕೀಮೋದ ಸಂಕಟದಲ್ಲೂ ನಗು ಬಂತು. ಹೋಳಿಗೆ-ತುಪ್ಪ ವ್ಯರ್ಥ ಹೋಗಿರಲಿಲ್ಲ.

ಎರಡು ಸಂಶಯ ಎಲ್ಲರಿಗೂ ಬರುತ್ತವೆ, ನನಗೂ ಬಂದಿದ್ದವು. ಕಟ್ಟಿಸಿಕೊಂಡರೆ ಕ್ಯಾನ್ಸರ್ ಮರಳುವುದು ಹೆಚ್ಚುತ್ತದೆಯೇ? ಇಲ್ಲ. ಮರಳಿದರೆ ಅದರೊಳಗೆ ಅಡಗಿ ಪತ್ತೆಯಾಗದೆ ಹೋಗುತ್ತದೆಯೇ? ಅದೂ ಇಲ್ಲ, ತಪಾಸಣೆ ಎಂದಿನಂತೆ ನಡೆಯುತ್ತದೆ. ಆದರೆ ಒಂದು ಮಾತನ್ನು ಆಕೆ ಮರೆಮಾಚದೆ ಹೇಳಿದರು, ಅದಕ್ಕೆ ನನಗೆ ಆಕೆಯ ಮೇಲೆ ನಂಬಿಕೆ ಬಂತು. ಹೊಸ ಎದೆಗೆ ಸ್ಪರ್ಶ ಮೊದಲಿನಂತೆ ತಿಳಿಯುವುದಿಲ್ಲ. ಆಕಾರ ಬರುತ್ತದೆ, ಕಳೆದುಕೊಂಡದ್ದು ಬರುವುದಿಲ್ಲ.

ಮಾಸ್ಟೆಕ್ಟಮಿ, ರೇಡಿಯೇಷನ್ ಮುಗಿದು ಕಾಯುವ ಸರದಿ. ಆ ಬೇಸಿಗೆಯನ್ನು ನಾಗಪುರದಲ್ಲಿ ಕಳೆದವಳಿಗೆ ಮಾತ್ರ ಗೊತ್ತು. ಮೇ ತಿಂಗಳು, 45 ಡಿಗ್ರಿ, ಕೂಲರಿನ ಗಾಳಿಯೂ ಬಿಸಿ. ಬ್ರಾ ಒಳಗೆ ಇಡುವ ಸಿಲಿಕೋನ್ ಪ್ಯಾಡ್ ತಂದಿದ್ದೆವು. ನೋಡಲು ಚೆನ್ನ, ತೂಕವೂ ಸರಿ, ಆದರೆ ಹನ್ನೊಂದು ಗಂಟೆಯ ಬಿಸಿಲಿಗೆ ಅದರ ಹಿಂದೆ ಬೆವರು ಹರಿದು, ಕಿರಣ ತಾಗಿದ ಚರ್ಮ ಕೆಂಪಾಗಿ ಗುಳ್ಳೆ. ಅದನ್ನು ಬಿಟ್ಟು ಹತ್ತಿಯ ಪ್ಯಾಡ್ ಇಟ್ಟರೆ ತೂಕವಿಲ್ಲದೆ ಮಧ್ಯಾಹ್ನದೊಳಗೆ ಕುತ್ತಿಗೆಯ ಹತ್ತಿರ ಏರಿ ಕೂಡುತ್ತಿತ್ತು. ಗೋಕುಲಪೇಠದ ಹೊಲಿಗೆಯಾಕೆ ಏನೂ ಕೇಳದೆ ಎಲ್ಲ ಕುಪ್ಪಸಗಳ ಎಡಗಡೆ ಒಳಜೇಬು ಹೊಲಿದು, ಪ್ಯಾಡಿನ ತಳಕ್ಕೆ ಮಣಿ ಹಾಕಿ ಭಾರ ಮಾಡಿಕೊಟ್ಟಳು. ದುಡ್ಡು ಕೊಡಹೋದರೆ ಮುಂದಿನ ಬ್ಲೌಸಿನ ಜೊತೆ ಕೊಡಿ ಎಂದಳು.

ಕಟ್ಟಿಸಿಕೊಳ್ಳುವ ತೀರ್ಮಾನ ಗಟ್ಟಿಯಾದದ್ದು ಈ ಜೇಬಿನ ದಿನಗಳಲ್ಲಿ. ಒಂದೇ ಕಡೆ ಭಾರವಾಗಿ ಹೆಗಲು ಇಳಿಬಿದ್ದು ಕುತ್ತಿಗೆ ನೋವು ಶುರುವಾಗಿತ್ತು. ಬಾಗಿ ರಂಗೋಲಿ ಹಾಕುವಾಗ ಒಂದು ಕೈ ಸೆರಗಿನ ಮೇಲೆ. ಬೆಳಿಗ್ಗೆ ಎದ್ದು ಮೊದಲ ಯೋಚನೆ ಪ್ಯಾಡ್ ಎಲ್ಲಿಟ್ಟೆ ಎಂಬುದು. ಧಾರವಾಡದಿಂದ ಅಕ್ಕ ಫೋನಿನಲ್ಲಿ ರೇಗಿದಳು.

"ಏನ ಹುಚ್ಚಿ ಇದ್ದೀಯೇನ? ಐವತ್ನಾಕರ ವಯಸ್ಸಿನ್ಯಾಗ ಯಾರಿಗೆ ತೋರಸ್ಬೇಕಾಗೇದ?"

"ಯಾರಿಗೂ ಅಲ್ಲಕ್ಕಾ. ನನಗ ಬೇಕಾಗೇದ."

"ನಿಮ್ಮ ಮನಿಯವರು ಏನಂತಾರ?"

"ನಿನ್ನ ಮೈ, ನಿನ್ನ ಮಾತು ಅಂದಾರ."

ಅವರು ಹಾಗೆ ಅಂದದ್ದು ನಿಜ. ಬೇಡ ಅಂದಿದ್ದರೂ ನಾನು ಮಾಡಿಸಿಕೊಳ್ಳುತ್ತಿದ್ದೆ ಎಂಬುದೂ ನಿಜ.

ಹಾಗೆಂದು ಎಲ್ಲರೂ ಮಾಡಿಸಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಕೆಳಗಿನ ಮನೆಯ ಕಾಕೂ, ನಿವೃತ್ತ ಶಾಲಾ ಶಿಕ್ಷಕಿ, ನನಗಿಂತ ಮೊದಲೇ ಸ್ತನ ತೆಗೆಸಿಕೊಂಡವರು. ಅವರಿಗೆ ಇನ್ನೊಂದು ಆಪರೇಷನ್ನಿನ ಹೆಸರೇ ಬೇಡ. ಮನೆಯಲ್ಲಿ ಏನೂ ಇಡುವುದಿಲ್ಲ, ಹೊರಗೆ ಹೋಗುವಾಗ ಹತ್ತಿ ನೂಲಿನಲ್ಲಿ ಹೆಣೆದ ಮೆತ್ತನೆಯದೊಂದನ್ನು ಇಟ್ಟುಕೊಳ್ಳುತ್ತಾರೆ. ಇಂಥವನ್ನು ಮುಂಬೈಯ ಸಾಯಿಶಾ ಇಂಡಿಯಾ ಫೌಂಡೇಶನ್ ಸ್ವಯಂಸೇವಕಿಯರಿಂದ ಹೆಣೆಸಿ ಉಚಿತವಾಗಿ ಕೊಡುತ್ತದೆ. ಹಗುರ, ತೊಳೆದು ಒಣಗಿಸಬಹುದು, ನಮ್ಮ ಬಿಸಿಲಿಗೆ ಸಿಲಿಕೋನಿಗಿಂತ ನೂರು ಪಾಲು ಮೇಲು. ಕಾಕೂ ತೀರ್ಮಾನವೂ ನನ್ನಷ್ಟೇ ಸರಿ. ತಪ್ಪಾಗುವುದು ಯಾರೂ ಕೇಳದೆ ಹೋದಾಗ. "ಬೇಡ" ಎನ್ನಲಿಕ್ಕೂ ಮೊದಲು "ಬೇಕೇನು?" ಎಂದು ಒಬ್ಬರು ಕೇಳಿರಬೇಕು.

ಇನ್ನು ದುಡ್ಡು. ಇಲ್ಲಿ ನನ್ನ ಹಳೇ ನೌಕರಿ ಕೈ ಹಿಡಿಯಿತು.

ನಾಗಪುರದ ಖಾಸಗಿ ಆಸ್ಪತ್ರೆಗಳಲ್ಲಿ ನನಗೆ ಸಿಕ್ಕ ಅಂದಾಜುಗಳಲ್ಲಿ ಇಂಪ್ಲಾಂಟಿನ ದಾರಿ ಎರಡು-ಮೂರು ಲಕ್ಷದ ಆಸುಪಾಸು, ಹೊಟ್ಟೆಯ ಫ್ಲ್ಯಾಪ್ ನಾಲ್ಕು ಲಕ್ಷ ಮತ್ತು ಮೇಲೆ. ಊರಿಂದೂರಿಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ಇದು ಬದಲಾಗುತ್ತದೆ. ಇಂಪ್ಲಾಂಟ್ ಅಗ್ಗವೆಂದು ಕಂಡರೂ ಮುಂದೆ ಸ್ಕ್ಯಾನು, ಬದಲಾವಣೆ ಇವೆಲ್ಲ ಸೇರಿಸಿ ನೋಡಬೇಕು. ಫ್ಲ್ಯಾಪಿಗೆ ಖರ್ಚು ಒಮ್ಮೆಗೇ ಬರುತ್ತದೆ. ಆಕಾರ ತಿದ್ದಲು, ಮೊಲೆತೊಟ್ಟು ಕಟ್ಟಲು, ಬಣ್ಣದ ಹಚ್ಚೆಗೆ ಮತ್ತೊಂದು ಸಣ್ಣ ಭೇಟಿ.

ನಮ್ಮ ಹತ್ತಿರ ಇಬ್ಬರಿಗೂ ಸೇರಿ ಐದು ಲಕ್ಷದ ಪಾಲಿಸಿ ಇತ್ತು. ನಾನು ನೌಕರಿ ಬೇಗ ಬಿಟ್ಟದ್ದರಿಂದ ಅದು ಬೇರೆ ಕಂಪನಿಯದು. ಕೀಮೋ, ಮಾಸ್ಟೆಕ್ಟಮಿ, ರೇಡಿಯೇಷನ್ ಸೇರಿ ಆ ವರ್ಷದ ಐದು ಲಕ್ಷವನ್ನು ನುಂಗಿ ನೀರು ಕುಡಿದವು. ಕೂಡಲೇ ಪುನರ್ನಿರ್ಮಾಣ ಮಾಡಿಸಿದ್ದರೆ ಕೈಯಿಂದ ಹಾಕಬೇಕಿತ್ತು. ಆದರೆ ಪಾಲಿಸಿಯ ಮೊತ್ತ ಪ್ರತಿ ನವೀಕರಣಕ್ಕೆ ಮತ್ತೆ ತುಂಬುತ್ತದೆ. ರೇಡಿಯೇಷನ್ ಕಾರಣಕ್ಕೆ ಹೇಗೂ ಕಾಯಬೇಕಿದ್ದ ನನಗೆ ಹೊಸ ಪಾಲಿಸಿ ವರ್ಷ ತೆರೆದುಕೊಂಡಿತು. ವೈದ್ಯಕೀಯವಾಗಿ ಕಾಯುವುದು ಸರಿಯಿದ್ದಾಗ ಆಪರೇಷನ್ ತಾರೀಖನ್ನು ನವೀಕರಣದ ಆಚೆ ಇಟ್ಟುಕೊಳ್ಳುವುದು ಸಾವಿರಾರು ಕುಟುಂಬಗಳಿಗೆ ಹೊಳೆಯದ ಉಪಾಯ. ಡಾಕ್ಟರಿಗೆ ಹೊಳೆಯುವುದಿಲ್ಲ, ಅದು ಅವರ ಕೆಲಸವಲ್ಲ.

ಪ್ರಿ-ಆಥರೈಸೇಶನ್, ಅಂದರೆ ಮುಂಗಡ ಮಂಜೂರಾತಿಯ ಅರ್ಜಿ ಕಳಿಸಿದೆವು. ಉತ್ತರ ಬಂತು: ಪ್ಲಾಸ್ಟಿಕ್ ಸರ್ಜರಿ, ಸೌಂದರ್ಯ ಚಿಕಿತ್ಸೆ, ಪಾಲಿಸಿಯಲ್ಲಿ ಸೇರಿಲ್ಲ.

ಈ ಒಂದು ಸಾಲಿಗೆ ಹೆದರಿ ಎಷ್ಟು ಮನೆಗಳು ಚಿನ್ನ ಅಡವಿಟ್ಟಿವೆಯೋ, ಎಷ್ಟು ಹೆಂಗಸರು ಸುಮ್ಮನಾಗಿದ್ದಾರೋ. ಸತ್ಯ ಹೀಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2019ರ ಸೆಪ್ಟೆಂಬರಿನಲ್ಲಿ, ಆರೋಗ್ಯ ಪಾಲಿಸಿಗಳಲ್ಲಿ ಯಾವ ಚಿಕಿತ್ಸೆಯನ್ನು ಹೊರಗಿಡಬಹುದು ಎಂಬುದಕ್ಕೆ ಎಲ್ಲ ಕಂಪನಿಗೂ ಒಂದೇ ಮಾತಿನ ಪಟ್ಟಿ ಮಾಡಿತು. ಅದರ ಎಂಟನೇ ಸಂಕೇತ ಕಾಸ್ಮೆಟಿಕ್ ಅಥವಾ ಪ್ಲಾಸ್ಟಿಕ್ ಸರ್ಜರಿಯದು. ರೂಪ ಬದಲಿಸುವ ಚಿಕಿತ್ಸೆಗೆ ಹಣ ಇಲ್ಲ ಎನ್ನುತ್ತದೆ, ಅಲ್ಲೇ ವಿನಾಯಿತಿಯನ್ನೂ ಹೇಳುತ್ತದೆ: ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರಿನ ನಂತರದ ಪುನರ್ನಿರ್ಮಾಣ. ಕ್ಯಾನ್ಸರ್ ಎಂಬ ಪದ ಅಚ್ಚಾಗಿ ಕೂತಿದೆ. ನಿಮ್ಮ ಪಾಲಿಸಿ ಪುಸ್ತಕ ತೆಗೆದು 'ಎಕ್ಸ್‌ಕ್ಲ್ 08' ಎಂದಿರುವಲ್ಲಿ ಓದಿ ನೋಡಿ.

ನಾನು ಆ ಪುಟದ ನಕಲು ತೆಗೆದು ವಿನಾಯಿತಿಯ ಸಾಲಿನ ಕೆಳಗೆ ಗೆರೆ ಎಳೆದೆ. ಪ್ಲಾಸ್ಟಿಕ್ ಸರ್ಜನ್ನರ ಹತ್ತಿರ ಹೋಗಿ ಲೆಟರ್‌ಹೆಡ್ಡಿನ ಮೇಲೆ ಹೀಗೆ ಬರೆಸಿದೆ: ರೋಗಿಗೆ ಕ್ಯಾನ್ಸರಿಗಾಗಿ ಎಡ ಸ್ತನ ತೆಗೆಯಲಾಗಿದೆ, ಈಗಿನದು ಅದರ ನಂತರದ ಪುನರ್ನಿರ್ಮಾಣ, ಸೌಂದರ್ಯ ಚಿಕಿತ್ಸೆಯಲ್ಲ. ಜೊತೆಗೆ ಮೊದಲ ಬಯಾಪ್ಸಿ ರಿಪೋರ್ಟು, ಮಾಸ್ಟೆಕ್ಟಮಿಯ ಡಿಸ್ಚಾರ್ಜ್ ಕಾರ್ಡು. ಮಂಜೂರಾಯಿತು. ಮತ್ತೆ ಯಾವ ವಾದವೂ ಬೇಕಾಗಲಿಲ್ಲ. ಕ್ಲೇಮ್ ಟೇಬಲ್ಲಿನಲ್ಲಿ ಕೂತವರು ದುಷ್ಟರಲ್ಲ. ಫೈಲಿನಲ್ಲಿ 'ಪ್ಲಾಸ್ಟಿಕ್' ಎಂಬ ಪದ ಮುಂದೆ ಬಂದು 'ಕ್ಯಾನ್ಸರ್' ಎಂಬ ಪದ ಹಿಂದೆ ಉಳಿದರೆ ಅವರ ಕಣ್ಣಿಗೆ ಬೀಳುವುದು ಮೊದಲನೆಯದು. ಆಸ್ಪತ್ರೆಯ ವಿಮಾ ಕೌಂಟರಿನ ಹುಡುಗ ಅರ್ಜಿಯಲ್ಲಿ ಏನು ತುಂಬುತ್ತಿದ್ದಾನೆ ಎಂದು ಕಣ್ಣಾರೆ ನೋಡಿ. ಒಪ್ಪದಿದ್ದರೆ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ, ಅಥವಾ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಬಿಮಾ ಲೋಕಪಾಲರಿದ್ದಾರೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಇನ್ನೂ ಕೆಲವು ಗುಂಡಿಗಳಿವೆ. ರೂಮಿನ ಬಾಡಿಗೆಗೆ ಮಿತಿ ಇರುವ ಪಾಲಿಸಿಯಲ್ಲಿ ದೊಡ್ಡ ರೂಮು ತೆಗೆದುಕೊಂಡರೆ ಸರ್ಜನ್ನರ ಫೀ ಸೇರಿ ಅನೇಕ ಬಾಬತ್ತು ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ಇಂಪ್ಲಾಂಟ್ ಹಾಕಿಸಿಕೊಂಡವರು ಅದರ ಬಿಲ್ಲು ಮತ್ತು ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್ ಎರಡನ್ನೂ ಕೇಳಿ ಪಡೆಯಬೇಕು. ಹೊರಗೆ ಇಟ್ಟುಕೊಳ್ಳುವ ಪ್ಯಾಡು, ವಿಶೇಷ ಬ್ರಾ ಇವಕ್ಕೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ. ಎರಡೂ ಕಡೆ ಸಮ ಕಾಣಲೆಂದು ಆರೋಗ್ಯವಂತ ಸ್ತನಕ್ಕೆ ಮಾಡುವ ತಿದ್ದುಪಡಿಯಲ್ಲಿ ಜಗಳ ಖಚಿತ. ಅಮೆರಿಕದಲ್ಲಿ 1998ರ ಕಾನೂನೊಂದು ಮಾಸ್ಟೆಕ್ಟಮಿಗೆ ಹಣ ಕೊಡುವ ವಿಮೆ ಪುನರ್ನಿರ್ಮಾಣ, ಇನ್ನೊಂದು ಸ್ತನದ ತಿದ್ದುಪಡಿ, ಹೊರಗಿಡುವ ಪ್ಯಾಡು, ಕೈ ಬಾವಿನ ಚಿಕಿತ್ಸೆ ಎಲ್ಲಕ್ಕೂ ಕೊಡಬೇಕು ಎಂದು ಕಟ್ಟು ಮಾಡಿದೆ. ನಮ್ಮಲ್ಲಿರುವುದು ಹೊರಗಿಡುವ ಪಟ್ಟಿಯಲ್ಲಿನ ಒಂದು ವಿನಾಯಿತಿ. ಹಕ್ಕು ಮತ್ತು ವಿನಾಯಿತಿಯ ನಡುವೆ ಅಂತರ ಬಹಳ. ಆದರೂ ಇರುವುದನ್ನಾದರೂ ಬಳಸಿಕೊಳ್ಳೋಣ.

ಪಾಲಿಸಿ ಇಲ್ಲದವರು? ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಈಗ ರೇಷನ್ ಕಾರ್ಡಿನ ಬಣ್ಣ ನೋಡದೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ರಕ್ಷಣೆ ಕೊಡುತ್ತದೆ, ಕೇಂದ್ರದ ಆಯುಷ್ಮಾನ್ ಜೊತೆ ಸೇರಿಕೊಂಡಿದೆ. ಕರ್ನಾಟಕದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ಐದು ಲಕ್ಷ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಈ ಯೋಜನೆಗಳಲ್ಲಿ ಹಣ ಬರುವುದು ಪ್ಯಾಕೇಜ್ ಹೆಸರಿಗೆ. ಹಾಗಾಗಿ ಮಾಸ್ಟೆಕ್ಟಮಿಯ ಅರ್ಜಿ ತುಂಬುವಾಗಲೇ ಪುನರ್ನಿರ್ಮಾಣದ ಮಾತೆತ್ತಿ, ಯಾವ ಪ್ಯಾಕೇಜಿನಡಿ ಆಗುತ್ತದೆ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕೇಳಬೇಕು. ನಾಗಪುರದವರಿಗೆ ಸರ್ಕಾರಿ ಮೆಡಿಕಲ್ ಕಾಲೇಜು, ಮಿಹಾನ್‌ನಲ್ಲಿ ಏಮ್ಸ್, ಜಾಮಠಾದಲ್ಲಿ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ತುಕಡೋಜಿ ಚೌಕದ ರಾಷ್ಟ್ರಸಂತ ತುಕಡೋಜಿ ಕ್ಯಾನ್ಸರ್ ಆಸ್ಪತ್ರೆ ಇವೆ. ಕರ್ನಾಟಕದವರಿಗೆ ಬೆಂಗಳೂರಿನ ಕಿದ್ವಾಯಿ. ಮುಂಬೈಯ ಟಾಟಾ ಆಸ್ಪತ್ರೆಗೋ ಬೆಂಗಳೂರಿಗೋ ಹೋಗುವುದಾದರೆ ರೈಲ್ವೆಯ ಕ್ಯಾನ್ಸರ್ ರಿಯಾಯಿತಿ ಮರೆಯಬೇಡಿ: ಸ್ಲೀಪರ್ ಮತ್ತು ಮೂರು-ಶ್ರೇಣಿ ಏಸಿಯಲ್ಲಿ ರೋಗಿಗೆ ಟಿಕೆಟ್ ಪೂರಾ ಮಾಫಿ, ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಭಾಗ. ಆಸ್ಪತ್ರೆಯಿಂದ ಫಾರಂ ತುಂಬಿಸಿ ತರಬೇಕು. ತೆರಿಗೆ ಕಟ್ಟುವವರಿಗೆ ಹಳೇ ಪದ್ಧತಿಯಲ್ಲಿ 80ಡಿಡಿಬಿ ಎಂದು ಹೆಸರಾದ ಕಡಿತ ಇದೆ: 40,000 ರೂಪಾಯಿ, ಹಿರಿಯ ನಾಗರಿಕರಿಗೆ ಒಂದು ಲಕ್ಷದವರೆಗೆ, ವಿಮೆಯಿಂದ ಬಂದದ್ದನ್ನು ಕಳೆದು.

ನಾನು ಆರಿಸಿಕೊಂಡದ್ದು ಹೊಟ್ಟೆಯ ಫ್ಲ್ಯಾಪ್. ಆಪರೇಷನ್ನಿಗೆ ಮುಂಚೆ, ಕ್ಯಾನ್ಸರ್ ಮರಳದಿರಲೆಂದು ನುಂಗುತ್ತಿದ್ದ ಟ್ಯಾಮೋಕ್ಸಿಫೆನ್ ಗುಳಿಗೆಯನ್ನು ಕೆಲವು ವಾರ ನಿಲ್ಲಿಸಿದರು, ರಕ್ತ ಹೆಪ್ಪುಗಟ್ಟಿಸುವ ಗುಣ ಅದಕ್ಕಿದೆ ಎಂದು. ನೀವಾಗಿಯೇ ನಿಲ್ಲಿಸುವಂಥದ್ದಲ್ಲ, ಡಾಕ್ಟರು ಹೇಳಿದರೆ ಮಾತ್ರ. ಆಪರೇಷನ್ ಆದ ರಾತ್ರಿಯ ನೆನಪೆಂದರೆ ನರ್ಸಿನ ಬೆರಳು. ತಾಸಿಗೊಮ್ಮೆ ಬಂದು ಹೊಸ ಚರ್ಮವನ್ನು ಒತ್ತಿ ಬಿಟ್ಟು, ಬಿಳಿಚಿದ ಜಾಗ ಎಷ್ಟು ಬೇಗ ಕೆಂಪಾಗುತ್ತದೆ ನೋಡುವಳು. ಬೆಚ್ಚಗಿದೆಯೇ ಎಂದು ಕೈಯ ಹಿಂಬದಿ ತಾಗಿಸುವಳು. ಆಮೇಲೆ ಪೆನ್ನಿನಂಥ ಡಾಪ್ಲರ್ ಹಚ್ಚಿ ರಕ್ತ ಹರಿಯುವ ಸದ್ದು ಕೇಳುವಳು. ಕತ್ತಲ ವಾರ್ಡಿನಲ್ಲಿ ಸುಯ್, ಸುಯ್ ಎನ್ನುವ ಆ ಸದ್ದು ಬಂದರೆ ಇಬ್ಬರಿಗೂ ನಿರಾಳ. ಹೊಟ್ಟೆ ಬಿಗಿಯಾಗಿ ಹೊಲಿದಿದ್ದರಿಂದ ಎದ್ದು ನಿಂತಾಗ ನೆಟ್ಟಗಾಗಲು ಬರಲಿಲ್ಲ. ಮನೆಗೆ ಬಂದ ಮೇಲೂ ಕೆಲವು ದಿನ ಬಗ್ಗಿಯೇ ಓಡಾಡಿದೆ. ಕೊಡ ಎತ್ತುವುದು, ಕುಕ್ಕರ್ ಇಳಿಸುವುದು ಒಂದೂವರೆ ತಿಂಗಳು ಬಂದ್. ಮನೆಯಲ್ಲಿ ಇದಕ್ಕೆ ಕೈ ಬೇಕು. ಯಜಮಾನರ ಕೈಯ ತವ್ವಿ ತಿಂದು ಬದುಕಿದೆ ಎಂದರೆ ಮಿಕ್ಕಿದ್ದನ್ನು ನೀವೇ ಊಹಿಸಿ.

ಈಗ ಹೇಗಿದೆ ಎಂದು ಕೇಳುವವರಿಗೆ: ಸೊಂಟದಿಂದ ಸೊಂಟಕ್ಕೆ ಉದ್ದ ಗೆರೆ, ಎದೆಯ ಮೇಲೆ ದೋಣಿಯಾಕಾರದ ಗುರುತು. ಬಲಗಡೆಗೆ ತಾಳೆಯಾಗುವುದಿಲ್ಲ, ಸ್ವಲ್ಪ ಮೇಲೆ ನಿಂತಿದೆ. ತಣ್ಣೀರು ಬಿದ್ದರೆ ಅಲ್ಲಿ ತಿಳಿಯುವುದಿಲ್ಲ. ಮೊಲೆತೊಟ್ಟು ಕಟ್ಟಿಸಿಕೊಂಡಿಲ್ಲ, ಅಷ್ಟಕ್ಕೆ ಸಾಕೆನಿಸಿತು. ಕುತ್ತಿಗೆ ನೋವು ಹೋಗಿದೆ. ಒಳಜೇಬುಗಳನ್ನು ಬಿಚ್ಚಿಸಿದ್ದೇನೆ.

ಓದುವ ಅಕ್ಕ-ತಂಗಿಯರಿಗೆ ನನ್ನ ಕೋರಿಕೆ ಇಷ್ಟೇ. ನಿಮಗೋ ನಿಮ್ಮವರಿಗೋ ಮಾಸ್ಟೆಕ್ಟಮಿ ಎಂದು ಹೇಳಿದ ದಿನ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಒಮ್ಮೆ ಪ್ಲಾಸ್ಟಿಕ್ ಸರ್ಜನ್ನರನ್ನು ಕಾಣಿಸಿ ಎಂದು ಕೇಳಿ. ಬೇಕೋ ಬೇಡವೋ ಆಮೇಲೆ ನೋಡಿದರಾಯಿತು. ಮೇಲೆ ಹೇಳಿದ ಸರ್ಕಾರಿ ಯೋಜನೆಯ ಸಹಾಯವಾಣಿ ಮಹಾರಾಷ್ಟ್ರದಲ್ಲಿ 155388, ಆಯುಷ್ಮಾನ್‌ಗೆ 14555. ಪಾಲಿಸಿ ಇದ್ದವರು ಪ್ರೀಮಿಯಂ ತಾರೀಖು ಮಾತ್ರ ತಪ್ಪಿಸಬೇಡಿ: ಹಿಂದೆ ಕ್ಲೇಮ್ ತೆಗೆದುಕೊಂಡಿದ್ದೀರಿ ಎಂಬ ಕಾರಣಕ್ಕೆ ಕಂಪನಿ ನವೀಕರಣ ನಿರಾಕರಿಸುವಂತಿಲ್ಲ, ಆದರೆ ಒಮ್ಮೆ ಬಿಟ್ಟುಹೋದರೆ ಕ್ಯಾನ್ಸರ್ ಆದವಳಿಗೆ ಹೊಸ ಪಾಲಿಸಿ ಸಿಗುವುದು ಬಹಳ ಕಷ್ಟ.